ಮಾವನ ಲಾಕರಿನ ಸ್ನೂಪಿ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವ ಕೈ ನನ್ನದೇ. ವಾಚು ಮಾತ್ರ ನನ್ನದಲ್ಲ, ನಮ್ಮ ಸೋದರಮಾವನದು. ಬೆಳಿಗ್ಗೆ ಬ್ಯಾಂಕ್ ಲಾಕರಿನಿಂದ ತೆಗೆದು ಕೊಟ್ಟರು. "ನಾಲ್ಕು ಗಂಟೆಗೆ ಲಾಕರ್ ಮುಚ್ತಾರೆ ಕಣೋ, ಅಷ್ಟರೊಳಗೆ ತಂದುಬಿಡು" ಅಂದರು. ಹಾಗಾಗಿ ಇವತ್ತು ನಾನು ಅರ್ಧ ದಿನದ ಸಾಹುಕಾರ.

ಇದು ಒಮೆಗಾ ಸ್ಪೀಡ್‌ಮಾಸ್ಟರ್, ಸಿಲ್ವರ್ ಸ್ನೂಪಿ. 2015ರಲ್ಲಿ ಬಂದದ್ದು. ಇಡೀ ಜಗತ್ತಿಗೆ ಮಾಡಿದ್ದು 1970 ವಾಚು ಮಾತ್ರ. ಆ ಸಂಖ್ಯೆ ಸುಮ್ನೆ ಇಟ್ಟದ್ದಲ್ಲ, ಚಂದ್ರನಿಗೆ ಹೊರಟ ಅಮೆರಿಕದ ನೌಕೆ ಅಪೊಲೊ 13 ಹಾರಿದ ವರ್ಷ ಅದು.

ಹತ್ತಿರದಿಂದ ನೋಡಿ. ಬಿಳಿ ಡಯಲ್. ಒಂಬತ್ತರ ಜಾಗದಲ್ಲಿ ಸಣ್ಣದೊಂದು ಸುತ್ತು, ಅದರೊಳಗೆ ಕಾರ್ಟೂನ್ ನಾಯಿ ಸ್ನೂಪಿ ಆರಾಮಾಗಿ ಮಲಗಿದೆ. ಈಗ ಅಂಚಿಗೆ ಬನ್ನಿ. ಸೊನ್ನೆಯಿಂದ ಹದಿನಾಲ್ಕನೇ ಸೆಕೆಂಡಿನವರೆಗೆ ಇರುವೆ ಸಾಲಿನ ಹಾಗೆ ಅಕ್ಷರ. "ಹದಿನಾಲ್ಕು ಸೆಕೆಂಡಿನಲ್ಲಿ ನೀನು ಏನು ಮಾಡಬಲ್ಲೆ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದೆ. ಹಾಸನದವರನ್ನು ಕೇಳುವ ಪ್ರಶ್ನೆಯೇ ಇದು? ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರೂ ಅಮ್ಮನ ಮುಂದೆ ಅಷ್ಟು ಹೊತ್ತು ಸಿಗುವುದಿಲ್ಲ. "ನಡೀರಿ ನಡೀರಿ, ಮುಂದೆ ನಡೀರಿ!"

ಅಪೊಲೊ 13ರಲ್ಲಿದ್ದ ಮೂವರು ಗಗನಯಾತ್ರಿಗಳಲ್ಲಿ ಒಬ್ಬರಾದ ಜಾಕ್ ಸ್ವಿಗರ್ಟ್‌ಗೆ ಪೂರ್ತಿ ಹದಿನಾಲ್ಕು ಸಿಕ್ಕಿತ್ತು. 1970ರ ಏಪ್ರಿಲ್‌ನಲ್ಲಿ, ಚಂದ್ರನ ದಾರಿಯಲ್ಲಿ ಆಕ್ಸಿಜನ್ ಟ್ಯಾಂಕ್ ಸಿಡಿಯಿತು. ಚಂದ್ರನ ಮೇಲೆ ಇಳಿಯಲೆಂದು ಒಯ್ದಿದ್ದ ಪುಟ್ಟ ನೌಕೆಯೇ ಮೂವರಿಗೂ ಆಸರೆ. ಕರೆಂಟ್ ಉಳಿಸಲು ಕಂಪ್ಯೂಟರ್ ಆರಿಸಿದ್ದರು. ಭೂಮಿಗೆ ಮರಳುವ ದಾರಿ ಸ್ವಲ್ಪ ತಪ್ಪುತ್ತಿತ್ತು. ಸರಿಮಾಡಲು ಇಂಜಿನ್ ಹದಿನಾಲ್ಕು ಸೆಕೆಂಡು ಉರಿಯಬೇಕು. ಜೊತೆಗಿದ್ದ ಲೊವೆಲ್ ಮತ್ತು ಹೇಸ್ ನೌಕೆ ಅತ್ತಿತ್ತ ಹೊರಳದಂತೆ ಹಿಡಿದರು. ಸ್ವಿಗರ್ಟ್ ಕೈಲಿದ್ದ ಸ್ಪೀಡ್‌ಮಾಸ್ಟರ್ ನೋಡಿ ಟೈಮ್ ಎಣಿಸಿದರು. ಏಪ್ರಿಲ್ 17ಕ್ಕೆ ಮೂವರೂ ಜೀವಂತ ಬಂದರು. ಅದೇ ಅಕ್ಟೋಬರಿನಲ್ಲಿ ಒಮೆಗಾಗೆ ಸಿಲ್ವರ್ ಸ್ನೂಪಿ ಪ್ರಶಸ್ತಿ ಸಿಕ್ಕಿತು. ಕೆಲಸ ಕೆಡದಂತೆ ನೋಡಿಕೊಂಡವರಿಗೆ ಗಗನಯಾತ್ರಿಗಳೇ ಕೊಡುವ ಪ್ರಶಸ್ತಿ ಅದು.

ಇಂಥ ವಾಚಿನ ಸ್ಟಾಪ್‌ವಾಚ್ ಗುಂಡಿಯನ್ನು ನಮ್ಮ ಮಾವ ಇವತ್ತಿನವರೆಗೆ ಒಂದು ಸಲವೂ ಒತ್ತಿಲ್ಲ! "ಒತ್ತಿದ್ರೆ ಸವೆಯುತ್ತೆ" ಅಂತಾರೆ. ಒಂದು ಸಲ ಯಾರೋ ರಿಪೇರಿಯವರು, ಕೇಳದೆಯೇ, ಅವರ ಇನ್ನೊಂದು ಹಳೇ ವಾಚಿನ ಅಂಚನ್ನೆಲ್ಲ ಪಾಲಿಶ್ ಮಾಡಿ ಸೋಪಿನ ಹಾಗೆ ನುಣ್ಣಗೆ ಮಾಡಿಕೊಟ್ಟಿದ್ದರು. ಆಮೇಲಿಂದ ಈ ಭಯ. ಅರ್ಥ ಆಗುತ್ತೆ. ಆದರೂ ನನಗೆ ಹೊಟ್ಟೆ ಉರಿಯುತ್ತೆ.

ಬ್ಯಾಟರಿ ಇಲ್ಲ, ಕೈಲಿ ಕಟ್ಟಿದರೆ ತಾನೇ ಕೀ ಆಗುವ ಜಾತಿಯೂ ಅಲ್ಲ. ಕೀ ಕೊಟ್ಟೆ. ಕಿವಿಗೆ ಹಿಡಿದರೆ ಸೆಕೆಂಡಿಗೆ ಆರು ಟಿಕ್. ಗೆಳೆಯನ ಕಾರು ಹತ್ತಿ ಸಾಲಗಾಮೆ ರಸ್ತೆ ಹಿಡಿದೆವು. ಈ ದಾರಿಯಲ್ಲೇ ಇಸ್ರೋದ ಎಂಸಿಎಫ್ ಇದೆ. 1982ರಿಂದ ನಮ್ಮ ಉಪಗ್ರಹಗಳನ್ನು ಕಾಯುತ್ತಿರುವ ಜಾಗ. ಅಲ್ಲಿ ಕ್ಯಾಮೆರಾ ಆಫ್ ಮಾಡಿದ್ದೆ, ಅದಕ್ಕೇ ಈ ಕಪ್ಪು ಸ್ಕ್ರೀನ್.

ನಂಗೆ ಬೇಕಿದ್ದದ್ದು ಕಿಲೋಮೀಟರ್ ಕಲ್ಲು. ಡಯಲ್ ಸುತ್ತ ಇರುವ ಈ ಪಟ್ಟಿ ಟ್ಯಾಕಿಮೀಟರ್. ಒಂದು ಕಲ್ಲಿನ ಹತ್ತಿರ ಗುಂಡಿ ಒತ್ತಿ, ಮುಂದಿನ ಕಲ್ಲಿಗೆ ಮತ್ತೆ ಒತ್ತಿದರೆ, ಮುಳ್ಳು ತೋರಿಸುವ ನಂಬರೇ ಗಾಡಿಯ ಸ್ಪೀಡು. ನಲವತ್ತೈದು ಸೆಕೆಂಡಾದರೆ ಎಂಬತ್ತು. ಒಂದು ನಿಮಿಷವಾದರೆ ಅರವತ್ತು.

ಕಲ್ಲು ಬಂತು. ಎರಡರ ಪಕ್ಕದ ಗುಂಡಿ ಒತ್ತಿದೆ. ಟಕ್ ಅಂತ ಗಟ್ಟಿಯಾಗಿ, ಹಳೇ ಸ್ವಿಚ್ಚಿನ ಹಾಗೆ ಕೂತಿತು. ಉದ್ದನೆಯ ಮುಳ್ಳು ಸಣ್ಣಗೆ ಎಗರಿ ಹೊರಟಿತು. ಆ ಹದಿನಾಲ್ಕು ಸೆಕೆಂಡಿನ ಅಕ್ಷರಗಳನ್ನು ದಾಟುವವರೆಗೆ ನಾವಿಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ಒಂದು ಹಂಪ್. ಆಮೇಲೆ ಎರಡು ಹಸು. ಆಮೇಲೆ ಹುಲ್ಲಿನ ಟ್ರ್ಯಾಕ್ಟರ್. ಮುಂದಿನ ಕಲ್ಲಿಗೆ ಒತ್ತಿದಾಗ ಒಂದು ನಿಮಿಷ ಹನ್ನೆರಡು ಸೆಕೆಂಡು. ಐವತ್ತರ ಸ್ಪೀಡು. ಪಟ್ಟಿಯಲ್ಲಿ ಅರವತ್ತಕ್ಕಿಂತ ಕಡಿಮೆ ನಂಬರೇ ಇಲ್ಲ! ಚಂದ್ರಲೋಕಕ್ಕೆ ಹೋದ ವಾಚಿಗೆ ನಮ್ಮೂರ ರಸ್ತೆಯ ಲೆಕ್ಕ ಗೊತ್ತಿಲ್ಲ.

ಮೂರೂ ಮುಕ್ಕಾಲಿಗೆ ಬ್ಯಾಂಕ್ ಮುಂದೆ ಮಾವ ಕಾಯುತ್ತಿದ್ದರು. ಮುಳ್ಳನ್ನು ಸೊನ್ನೆಗೆ ತರುವುದನ್ನು ನಾನು ಮರೆತಿದ್ದೆ. ಕನ್ನಡಕ ಹಣೆಗೆ ಏರಿಸಿ, ವಾಚನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದೇನೋ, ಮುಳ್ಳು ಇಲ್ಲಿ ನಿಂತಿದೆ?"

"ಸಾಲಗಾಮೆ ರಸ್ತೆ ಮಾವ. ಒಂದು ಕಿಲೋಮೀಟರು."

ಬೈಯುತ್ತಾರೆ ಅಂದುಕೊಂಡೆ. ನಾಲ್ಕರ ಪಕ್ಕದ ಗುಂಡಿ ಮೇಲೆ ಹೆಬ್ಬೆರಳು ಇಟ್ಟರು, ಮತ್ತೆ ತೆಗೆದರು. "ಯಾರು ಓಡಿಸಿದ್ದು, ಇಷ್ಟು ನಿಧಾನ?" ಅಂದು, ಮುಳ್ಳನ್ನು ಹಾಗೇ ಬಿಟ್ಟು ಡಬ್ಬಿ ಮುಚ್ಚಿ ಒಳಗೆ ಹೋದರು.