ಒಂದೇ ಇಮೇಲ್, ಎರಡು ಕಾನೂನು: ಅಮೆರಿಕದ ಸರ್ಕಾರಿ ಕಚೇರಿಗಳು ದಾಖಲೆ ಸಾಫ್ಟ್‌ವೇರ್ ಕೊಳ್ಳುವಾಗ

[ಪರದೆ ಮೇಲೆ: ಒಂದು ಇಮೇಲ್, ಅದರಿಂದ ಹೊರಟ ಎರಡು ಬಾಣಗಳು]

ನಮಸ್ಕಾರ. ಅಮೆರಿಕದ ಯಾವುದೋ ಒಂದು ನಗರಸಭೆ ಅಂದುಕೊಳ್ಳಿ. ಸೇತುವೆ ರಿಪೇರಿ ಬಗ್ಗೆ ಅಲ್ಲಿನ ಎಂಜಿನಿಯರ್ ಮೇಲಧಿಕಾರಿಗೆ ಒಂದು ಇಮೇಲ್ ಬರೆದಿದ್ದಾರೆ. ಅದು ತಮಗೆ ಬೇಕು ಅಂತ ಪತ್ರಕರ್ತೆಯೊಬ್ಬರು ಅರ್ಜಿ ಹಾಕುತ್ತಾರೆ. ಅದೇ ಹೊತ್ತಿಗೆ ರಿಪೇರಿ ಗುತ್ತಿಗೆದಾರರು ನಗರಸಭೆಯ ಮೇಲೆ ಕೇಸ್ ಹಾಕುತ್ತಾರೆ. ಅವರ ವಕೀಲರಿಗೂ ಅದೇ ಇಮೇಲ್ ಬೇಕು.

ಮೊದಲನೆಯದು ದಾಖಲೆ ಅರ್ಜಿ. ಎರಡನೆಯದನ್ನು ಡಿಸ್ಕವರಿ ಅನ್ನುತ್ತಾರೆ. ವಿಚಾರಣೆ ಶುರುವಾಗುವ ಮೊದಲೇ ಎರಡೂ ಕಡೆಯವರು ಕೇಸಿಗೆ ಸಂಬಂಧಪಟ್ಟ ದಾಖಲೆಗಳನ್ನು ಪರಸ್ಪರ ಕೇಳಿ ಪಡೆಯುವ ವ್ಯವಸ್ಥೆ ಇದು.

ಕಚೇರಿಯ ಒಳಗೆ ನಿಂತು ನೋಡಿದರೆ ಎರಡೂ ಒಂದೇ ಥರದ ಕೆಲಸ. ಹುಡುಕಬೇಕು, ಓದಬೇಕು, ಮುಚ್ಚಬೇಕಾದ್ದನ್ನು ಮುಚ್ಚಬೇಕು, ಕಳಿಸಬೇಕು. ಹಾಗಾಗಿ ಎರಡಕ್ಕೂ ಒಂದೇ ಸಾಫ್ಟ್‌ವೇರ್ ಸಾಕಲ್ವಾ ಅಂತ ಅನ್ನಿಸುತ್ತದೆ. ಒಂದೇ ಸಾಫ್ಟ್‌ವೇರ್ ಸಾಕಾಗಬಹುದು. ಆದರೆ ಎರಡರ ಹಿಂದಿನ ಕಾನೂನು ಬೇರೆ ಬೇರೆ ಅನ್ನೋದು ಟೆಂಡರ್ ಬರೆಯುವವರಿಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತದೆ.

[ಪರದೆ ಮೇಲೆ: 1966]

ಕಾನೂನಿನಿಂದ ಶುರು ಮಾಡೋಣ. ಫೆಡರಲ್ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವುದು ಫ್ರೀಡಂ ಆಫ್ ಇನ್ಫರ್ಮೇಷನ್ ಆ್ಯಕ್ಟ್. ಎಲ್ಲರೂ ಫೋಯಾ ಅಂತಲೇ ಕರೆಯುತ್ತಾರೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದ್ದು 1966ರ ಜುಲೈ 4ರಂದು. ಯಾರು ಬೇಕಾದರೂ ಕೇಳಬಹುದು, ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಕಚೇರಿ 20 ಕೆಲಸದ ದಿನಗಳಲ್ಲಿ ತನ್ನ ತೀರ್ಮಾನ ತಿಳಿಸಬೇಕು. ಕೊಡದೇ ಇರಬೇಕಾದರೆ ಕಾನೂನಿನಲ್ಲಿರುವ 9 ವಿನಾಯಿತಿಗಳಲ್ಲಿ ಒಂದಾದರೂ ಅನ್ವಯಿಸಬೇಕು. ನಗರಸಭೆ, ಪೊಲೀಸ್ ಇಲಾಖೆ, ಶಾಲಾ ಮಂಡಳಿಗಳಿಗೆ ಫೋಯಾ ಅನ್ವಯಿಸುವುದಿಲ್ಲ. ಅವುಗಳಿಗೆ ಆಯಾ ರಾಜ್ಯದ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಗಡುವು 10 ದಿನ. ವಾಷಿಂಗ್ಟನ್ ರಾಜ್ಯದಲ್ಲಿ 5 ಕೆಲಸದ ದಿನಗಳ ಒಳಗೆ ಏನಾದರೂ ಒಂದು ಉತ್ತರ ಹೋಗಲೇಬೇಕು.

ಗಡುವು ಮೀರಿದರೆ, ದಾಖಲೆ ಮುಚ್ಚಿಟ್ಟರೆ ಏನಾಗುತ್ತದೆ? ವಾಷಿಂಗ್ಟನ್ ರಾಜ್ಯದಲ್ಲಿ ಕೋರ್ಟ್ ದಿನಕ್ಕೆ 100 ಡಾಲರ್‌ವರೆಗೆ ದಂಡ ಹಾಕಬಹುದು. 2016ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯ ಮೇಲೆ ಒಂದೊಂದು ಪುಟಕ್ಕೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಹೇರಿದ್ದ ದಂಡವನ್ನು ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೊತ್ತ 5 ಲಕ್ಷ ಡಾಲರ್‌ಗೂ ಜಾಸ್ತಿ. ಇದು ಜನರ ತೆರಿಗೆ ದುಡ್ಡು.

ಇನ್ನು ಡಿಸ್ಕವರಿ. ಇಲ್ಲಿ ಕೇಳುವ ಹಕ್ಕು ಕೇಸಿನಲ್ಲಿ ಇರುವವರಿಗೆ ಮಾತ್ರ. ಕೇಳಿದ್ದು ಕೇಸಿಗೆ ಸಂಬಂಧಪಟ್ಟಿರಬೇಕು, ಕೇಸಿನ ಗಾತ್ರಕ್ಕೆ ತಕ್ಕಷ್ಟೇ ಇರಬೇಕು. ಇಮೇಲ್, ಕಂಪ್ಯೂಟರ್ ಕಡತಗಳನ್ನು ಫೆಡರಲ್ ಕೋರ್ಟಿನ ನಿಯಮಗಳು ಹೆಸರಿಟ್ಟು ಒಳಗೆ ತಂದದ್ದು 2006ರಲ್ಲಿ. ಅದಕ್ಕೆ ಮುಂಚೆಯೇ, ನೌಕರೆಯೊಬ್ಬರು ತಮ್ಮ ಕಂಪನಿಯ ಮೇಲೆ ಹಾಕಿದ್ದ ಜುಬುಲೇಕ್ ಕೇಸ್ ಎಲ್ಲರ ಕಣ್ಣು ತೆರೆಸಿತ್ತು. ಯುಬಿಎಸ್ ವಾರ್ಬರ್ಗ್ ಅನ್ನುವ ಆ ಹಣಕಾಸು ಕಂಪನಿಯಲ್ಲಿ, ಉಳಿಸಿಕೊಳ್ಳಿ ಅಂತ ವಕೀಲರು ಹೇಳಿದ್ದ ಇಮೇಲ್‌ಗಳನ್ನು ನೌಕರರು ಅಳಿಸಿದ್ದರು. ಅಳಿಸಿದ ಇಮೇಲ್ಗಳಲ್ಲಿ ಇದ್ದದ್ದು ಕಂಪನಿಗೆ ವಿರುದ್ಧವಾಗಿತ್ತು ಅಂತ ತಿಳಿದುಕೊಳ್ಳಬಹುದು ಎಂದು ಜ್ಯೂರಿಗೆ ಹೇಳಲು ನ್ಯಾಯಾಧೀಶೆ ಶೀರಾ ಶೈಂಡ್ಲಿನ್ 2004ರಲ್ಲಿ ತೀರ್ಮಾನಿಸಿದರು. 2005ರಲ್ಲಿ ಜ್ಯೂರಿ ಕೊಡಿಸಿದ ಪರಿಹಾರ 2.9 ಕೋಟಿ ಡಾಲರ್‌ಗೂ ಮೇಲೆ.

ಲೀಗಲ್ ಹೋಲ್ಡ್ ಅನ್ನುವ ಪದವನ್ನು ವಕೀಲರು ಅಷ್ಟು ಗಂಭೀರವಾಗಿ ಹೇಳುವುದು ಇದಕ್ಕೇ. ಕೇಸ್ ಬರಬಹುದು ಅಂತ ಅನ್ನಿಸಿದ ಕ್ಷಣದಿಂದ ಸಂಬಂಧಪಟ್ಟ ಯಾವುದನ್ನೂ ಅಳಿಸುವ ಹಾಗಿಲ್ಲ. ಆದರೆ ಕಚೇರಿಯ ಇಮೇಲ್ ವ್ಯವಸ್ಥೆ ಹಳೆಯದನ್ನು ತಾನಾಗಿಯೇ ಅಳಿಸುತ್ತಾ ಹೋಗುತ್ತದೆ. ಹಾಗೆ ಸೆಟ್ ಮಾಡಿರುತ್ತಾರೆ. ಸಾಫ್ಟ್‌ವೇರ್ ಆ ಅಳಿಸುವಿಕೆಯನ್ನು ನಿಜವಾಗಲೂ ನಿಲ್ಲಿಸುತ್ತದಾ, ಅಥವಾ ನೌಕರರಿಗೆ "ಅಳಿಸಬೇಡಿ" ಅಂತ ಒಂದು ನೋಟಿಸ್ ಕಳಿಸಿ ಸುಮ್ಮನಾಗುತ್ತದಾ? ಸಾಫ್ಟ್‌ವೇರ್ ಮಾರುವವರು ಈ ಎರಡನ್ನೂ ಲೀಗಲ್ ಹೋಲ್ಡ್ ಅಂತಲೇ ಕರೆಯುತ್ತಾರೆ. ಕೇಳಿ ಬರೆಸಿಕೊಳ್ಳಬೇಕು.

[ಪರದೆ ಮೇಲೆ: ಒಂದೇ ಪುಟದ ಎರಡು ಪ್ರತಿ, ಕಪ್ಪು ಪಟ್ಟಿಗಳು ಬೇರೆ ಬೇರೆ ಜಾಗದಲ್ಲಿ]

ಈಗ ಅಸಲು ವಿಷಯ, ರಿಡ್ಯಾಕ್ಷನ್. ಕೊಡಬಾರದ ಭಾಗವನ್ನು ಕಪ್ಪಾಗಿ ಮುಚ್ಚುವುದು.

ಸೇತುವೆ ಇಮೇಲ್‌ನಲ್ಲಿ ಎಂಜಿನಿಯರ್ ಅವರ ಸ್ವಂತ ಫೋನ್ ನಂಬರ್ ಇದೆ ಅನ್ನಿ. ಕೆಳಗೆ ನಗರಸಭೆಯ ವಕೀಲರ ಸಲಹೆ ಇದೆ. ನಡುವೆ ಗುತ್ತಿಗೆದಾರರ ಕಂಪನಿಯ ದರದ ಗುಟ್ಟು ಇದೆ. ಪತ್ರಕರ್ತೆಗೆ ಕೊಡುವ ಪ್ರತಿಯಲ್ಲಿ ಈ ಮೂರನ್ನೂ ಮುಚ್ಚಬೇಕಾಗಬಹುದು. ಗುತ್ತಿಗೆದಾರರ ವಕೀಲರಿಗೆ ಕೊಡುವ ಪ್ರತಿಯಲ್ಲಿ ಅವರದ್ದೇ ದರ ಮುಚ್ಚುವುದಕ್ಕೆ ಅರ್ಥವಿಲ್ಲ. ವಕೀಲರ ಸಲಹೆ ಮಾತ್ರ ಮುಚ್ಚಿದರೆ ಸಾಕಾಗಬಹುದು. ಕೋರ್ಟಿನ ರಕ್ಷಣಾ ಆದೇಶ ಇದ್ದರೆ ಗುಟ್ಟಿನ ವಿಷಯವನ್ನೂ ಎದುರಿನವರ ಕೈಗೆ ಕೊಡಬಹುದು, ಅದು ಹೊರಗೆ ಹೋಗದ ಹಾಗೆ ಆದೇಶ ತಡೆಯುತ್ತದೆ. ಪತ್ರಕರ್ತೆಗೆ ಕೊಟ್ಟದ್ದು ಇಡೀ ಊರಿಗೆ ಕೊಟ್ಟ ಹಾಗೆ.

ಅಂದರೆ ಒಂದೇ ಕಡತಕ್ಕೆ ಎರಡು ಮುಸುಕು. ಮೂಲ ಪ್ರತಿಗೆ ಏನೂ ಆಗಬಾರದು. ಎರಡು ಮುಸುಕುಗಳು ಒಂದರ ಮೇಲೊಂದು ಬೀಳಬಾರದು. ಯಾರು, ಯಾವಾಗ, ಯಾವ ಕಾರಣಕ್ಕೆ ಮುಚ್ಚಿದರು ಅನ್ನೋದು ದಾಖಲಾಗಬೇಕು. ಅಚ್ಚುಕಟ್ಟಾದ ಅರ್ಜಿ ಪೋರ್ಟಲ್ ಬಹಳ ಕಂಪನಿಗಳ ಹತ್ತಿರ ಇದೆ. ಈ ಕೆಲಸವನ್ನು ಸರಿಯಾಗಿ ಮಾಡುವ ಸಾಫ್ಟ್‌ವೇರ್ ಹುಡುಕಬೇಕು. ಖರೀದಿ ಸಮಿತಿ ತನ್ನ ಅರ್ಧ ಸಮಯವನ್ನು ಇದಕ್ಕೇ ಕೊಟ್ಟರೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ.

ತಪ್ಪಾದರೆ ಏನಾಗುತ್ತದೆ ಅನ್ನುವುದರಲ್ಲೂ ವ್ಯತ್ಯಾಸ ಇದೆ. ಡಿಸ್ಕವರಿಯಲ್ಲಿ ವಕೀಲರ ಸಲಹೆ ಕೈತಪ್ಪಿ ಹೋದರೆ ವಾಪಸ್ ಕೇಳುವುದಕ್ಕೆ ದಾರಿ ಇದೆ. 2008ರಲ್ಲಿ ಸೇರಿಸಿದ ಸಾಕ್ಷ್ಯ ನಿಯಮ 502 ಅದಕ್ಕೆ ಬಲ ಕೊಡುತ್ತದೆ. ಸಾರ್ವಜನಿಕರ ಕೈಗೆ ಹೋದ ಕಾಗದವನ್ನು ವಾಪಸ್ ತರುವುದು ಆಗದ ಮಾತು.

2009ರ ಡಿಸೆಂಬರ್‌ನಲ್ಲಿ ಇದನ್ನು ಇಡೀ ದೇಶ ನೋಡಿತು. ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಟಿಎಸ್‌ಎ ತನ್ನ ತಪಾಸಣೆ ಕೈಪಿಡಿಯನ್ನು ಸರ್ಕಾರದ ಟೆಂಡರ್ ವೆಬ್‌ಸೈಟಿಗೆ ಹಾಕಿತ್ತು. ಗುಟ್ಟಿನ ಭಾಗಗಳ ಮೇಲೆ ಕಪ್ಪು ಪಟ್ಟಿ ಇತ್ತು. ಆದರೆ ಕೆಳಗಿನ ಅಕ್ಷರಗಳು ಹಾಗೇ ಇದ್ದವು. ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಎಲ್ಲ ಓದಬಹುದಿತ್ತು. ಒಂಬತ್ತು ವರ್ಷ ಆದಮೇಲೆ, 2019ರ ಜನವರಿಯಲ್ಲಿ, ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಕೊಟ್ಟ ಕಾಗದದಲ್ಲೂ ಇದೇ ತಪ್ಪು ಆಯಿತು. ಹಾಗಾಗಿ ಖರೀದಿಗೆ ಮುಂಚೆ ಈ ಪರೀಕ್ಷೆಯನ್ನು ಕಚೇರಿಯವರೇ ಮಾಡಿ ನೋಡಬೇಕು. ಮುಚ್ಚಿದ ಕಡತವನ್ನು ಹೊರಗೆ ತೆಗೆಯಿರಿ, ಕಾಪಿ ಮಾಡಿ, ಪೇಸ್ಟ್ ಮಾಡಿ, ಆ ಪದವನ್ನು ಸರ್ಚ್ ಮಾಡಿ. ಕಡತದ ಒಳಗೆ ಅಡಗಿರುವ ಮೆಟಾಡೇಟಾದಲ್ಲಿ ಬರೆದವರ ಹೆಸರು, ಹಳೆಯ ತಿದ್ದುಪಡಿಗಳು ಉಳಿದಿವೆಯಾ ನೋಡಿ.

ಕಾರಣದ ಬಗ್ಗೆ ಇನ್ನೊಂದು ಮಾತು. ಮುಚ್ಚಿದ ಜಾಗದಲ್ಲೇ ಯಾವ ವಿನಾಯಿತಿ ಅಂತ ಬರೆಯಬೇಕು ಎಂದು ಫೋಯಾಗೆ ಬಂದ 2007ರ ತಿದ್ದುಪಡಿ ಹೇಳುತ್ತದೆ. ಅರ್ಜಿದಾರರು ಕೋರ್ಟಿಗೆ ಹೋದರೆ, ತಡೆಹಿಡಿದ ದಾಖಲೆಗಳ ಪಟ್ಟಿಯನ್ನು ಕಾರಣ ಸಮೇತ ಕೊಡಬೇಕಾಗುತ್ತದೆ. 1973ರ ವಾನ್ ಕೇಸಿನಿಂದ ಬಂದ ಪದ್ಧತಿ ಇದು. ವಾನ್ ಇಂಡೆಕ್ಸ್ ಅಂತಾರೆ. ಮುಚ್ಚುವಾಗಲೇ ಕಾರಣ ದಾಖಲಾಗಿದ್ದರೆ ಈ ಪಟ್ಟಿಯ ದೊಡ್ಡ ಭಾಗ ಸಿದ್ಧ ಇರುತ್ತದೆ. ಇಲ್ಲದಿದ್ದರೆ ಯಾರೋ ಸಾವಿರಾರು ಪುಟ ಮತ್ತೆ ಮೊದಲಿಂದ ಓದಬೇಕು.

[ಪರದೆ ಮೇಲೆ: 12 ಲಕ್ಷ]

ಪುಟಗಳ ಮಾತು ಬಂತಲ್ಲ. 2023ರ ಹಣಕಾಸು ವರ್ಷದಲ್ಲಿ ಫೆಡರಲ್ ಕಚೇರಿಗಳಿಗೆ ಬಂದ ಫೋಯಾ ಅರ್ಜಿಗಳು ಸುಮಾರು 12 ಲಕ್ಷ. ಒಂದು ಅರ್ಜಿಗೇ ಸಾವಿರಾರು ಇಮೇಲ್ ಸಿಗಬಹುದು. ಒಂದು ಇಮೇಲ್ ಹತ್ತು ಜನರಿಗೆ ಹೋಗಿದ್ದರೆ ಹತ್ತು ಪ್ರತಿ. ಒಂದಕ್ಕೊಂದು ಅಕ್ಷರಶಃ ಹೊಂದುವ ಪ್ರತಿಗಳನ್ನು ಸಾಫ್ಟ್‌ವೇರ್ ಗುರುತಿಸಿ ಪಕ್ಕಕ್ಕಿಡುತ್ತದೆ. ಉತ್ತರದ ಮೇಲೆ ಉತ್ತರ ಬಂದ ಇಮೇಲ್ ಸರಣಿಯಲ್ಲಿ, ಹಿಂದಿನದೆಲ್ಲ ಸೇರಿರುವ ಕೊನೆಯದನ್ನು ಮಾತ್ರ ಮುಂದಿಡುತ್ತದೆ. ಕೇಳೋಕೆ ಸಣ್ಣ ವಿಷಯ. ಆದರೆ ಇದಿಲ್ಲದಿದ್ದರೆ ಒಬ್ಬ ನೌಕರ ಒಂದು ಪ್ರತಿಯಲ್ಲಿ ಹೆಸರು ಮುಚ್ಚುತ್ತಾರೆ, ಇನ್ನೊಬ್ಬರು ಇನ್ನೊಂದು ಪ್ರತಿಯಲ್ಲಿ ಅದನ್ನು ಬಿಟ್ಟುಬಿಡುತ್ತಾರೆ.

ಕಂಪ್ಯೂಟರ್ ತಾನೇ ಕಡತಗಳನ್ನು ವಿಂಗಡಿಸುವುದು ಹೊಸದೇನಲ್ಲ. ಡಿಸ್ಕವರಿಯಲ್ಲಿ ಅಂಥ ವಿಧಾನವನ್ನು ನ್ಯೂಯಾರ್ಕ್‌ನ ನ್ಯಾಯಾಧೀಶ ಆ್ಯಂಡ್ರ್ಯೂ ಪೆಕ್ 2012ರಲ್ಲೇ ಒಪ್ಪಿದ್ದರು. ಈಗ ಎಐ ಹೆಸರಲ್ಲಿ ಮುಚ್ಚಬೇಕಾದ ಜಾಗವನ್ನೂ ಅದೇ ತೋರಿಸುತ್ತದೆ. ತೋರಿಸಲಿ, ಒಳ್ಳೆಯದೇ. ಕೊನೆಯ ತೀರ್ಮಾನ ಕಾನೂನು ತಿಳಿದ ಮನುಷ್ಯರದ್ದೇ ಆಗಿರಬೇಕು. ಯಂತ್ರ ಗುರುತಿಸದೇ ಬಿಟ್ಟದ್ದು ಎಷ್ಟು ಅಂತ ಆಗಾಗ ಎಣಿಸಿ ನೋಡುವ ವ್ಯವಸ್ಥೆಯೂ ಇರಬೇಕು.

ಇನ್ನು ದುಡ್ಡು. ದಾಖಲೆ ಅರ್ಜಿಯ ಸಾಫ್ಟ್‌ವೇರ್ ಸಾಮಾನ್ಯವಾಗಿ ವರ್ಷದ ಚಂದಾದಲ್ಲೋ, ಬಳಸುವ ನೌಕರರ ಲೆಕ್ಕದಲ್ಲೋ ಬರುತ್ತದೆ. ಡಿಸ್ಕವರಿ ಸಾಫ್ಟ್‌ವೇರ್‌ನಲ್ಲಿ ಗಿಗಾಬೈಟ್ ಲೆಕ್ಕ ಸಾಮಾನ್ಯ, ಅದೂ ಎಷ್ಟೋ ಕಡೆ ತಿಂಗಳು ತಿಂಗಳು. ಕಾಗದ, ಇಮೇಲ್ ಇದ್ದಾಗ ಇದು ಹಗುರವಾಗಿ ಕಾಣುತ್ತದೆ. ಪೊಲೀಸರ ಬಾಡಿ ಕ್ಯಾಮೆರಾ ವಿಡಿಯೋ ಬಂದ ದಿನ ಲೆಕ್ಕ ತಲೆಕೆಳಗಾಗುತ್ತದೆ. ವಿಡಿಯೋದಲ್ಲಿ ದಾರಿಹೋಕರ ಮುಖ, ಮಕ್ಕಳ ಮುಖ, ಮನೆಯ ಒಳಗಿನ ದೃಶ್ಯ ಮಸುಕು ಮಾಡಬೇಕು. ದನಿಯಲ್ಲಿ ಬರುವ ಹೆಸರು ತೆಗೆಯಬೇಕು. ಜಾಗವೂ ಜಾಸ್ತಿ, ನೌಕರರ ಸಮಯವೂ ಜಾಸ್ತಿ. ಒಂದು ಕೇಸ್ ವರ್ಷಗಟ್ಟಲೆ ನಡೆದರೆ ಆ ಗಿಗಾಬೈಟ್‌ಗಳಿಗೆ ಅಷ್ಟೂ ಕಾಲ ಬಾಡಿಗೆ ಕಟ್ಟಬೇಕು. ಟೆಂಡರ್ ಬರೆಯುವವರು ತಮ್ಮ ಹತ್ತಿರ ಈಗ ಇರುವ ಕಡತಗಳ ಗಾತ್ರ ಅಳೆದು, ಅದರ ಮೇಲೆ ಐದು ವರ್ಷದ ಪೂರ್ತಿ ಬೆಲೆ ಕೇಳಬೇಕು.

ಭದ್ರತೆಯ ಪ್ರಮಾಣಪತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫೆಡರಲ್ ಕಚೇರಿಗಳ ಕ್ಲೌಡ್ ಸೇವೆ ಸುರಕ್ಷಿತವೇ ಅಂತ ಪರೀಕ್ಷಿಸಿ ಒಪ್ಪಿಗೆ ಕೊಡುವುದಕ್ಕೆ 2011ರಿಂದ ಫೆಡ್‌ರ‍್ಯಾಂಪ್ ಇದೆ. ಅಪರಾಧ ದಾಖಲೆ ಮುಟ್ಟುವ ಕಡೆ ಎಫ್‌ಬಿಐನ ಸಿಜೆಐಎಸ್ ಭದ್ರತಾ ನಿಯಮ ಇದೆ. ಇವು ಇಲ್ಲದೆ ಮುಂದೆ ಹೋಗುವ ಹಾಗಿಲ್ಲ.

ಡೆಮೊ ಬಗ್ಗೆ ಹುಷಾರು. ಕಂಪನಿ ತರುವ ಮಾದರಿ ಕಡತಗಳಲ್ಲಿ ಎಲ್ಲವೂ ನೀಟಾಗಿರುತ್ತದೆ. ಕಚೇರಿಯ ನಿಜವಾದ ಕಡತಗಳು ಹಾಗಿರುವುದಿಲ್ಲ. ಓರೆಯಾಗಿ ಸ್ಕ್ಯಾನ್ ಆದ ಕಾಗದ, ಕೈಬರಹದ ಟಿಪ್ಪಣಿ, ಪಾಸ್‌ವರ್ಡ್ ಹಾಕಿದ ಎಕ್ಸೆಲ್, ಫೋನಿನ ಮೆಸೇಜ್, ಆಫೀಸ್ ಚಾಟ್. ಹಿಂದೆ ಉತ್ತರ ಕೊಟ್ಟು ಮುಗಿಸಿದ, ಈಗಾಗಲೇ ಸಾರ್ವಜನಿಕವಾಗಿರುವ ಅರ್ಜಿಯೊಂದರ ಕಡತಗಳನ್ನು ಕೊಟ್ಟು, ನಮ್ಮ ಎದುರೇ ಮಾಡಿ ತೋರಿಸಿ ಅನ್ನಬೇಕು. ಆಗ ಕುರ್ಚಿಯಲ್ಲಿ ಕೂರಬೇಕಾದವರು ದಿನಾ ಈ ಕೆಲಸ ಮಾಡುವ ದಾಖಲೆ ವಿಭಾಗದ ನೌಕರರು ಮತ್ತು ಪ್ಯಾರಾಲೀಗಲ್‌ಗಳು, ಅಂದರೆ ವಕೀಲರ ಸಹಾಯಕರು. ಅವರನ್ನು ಹೊರಗಿಟ್ಟು ಐಟಿ ವಿಭಾಗ ಮಾತ್ರ ಆರಿಸಿದರೆ, ಆ ನೌಕರರು ಹಳೆಯ ಎಕ್ಸೆಲ್ ಪಟ್ಟಿಗೇ ವಾಪಸ್ ಹೋಗುತ್ತಾರೆ.

[ಪರದೆ ಮೇಲೆ: 2012 – 2023]

ಹೊರಗೆ ಬರುವ ದಾರಿಯನ್ನೂ ಒಳಗೆ ಹೋಗುವಾಗಲೇ ಬರೆದಿಡಬೇಕು. ಫೋಯಾಆನ್‌ಲೈನ್ ಅನ್ನುವ ವ್ಯವಸ್ಥೆ 2012ರಲ್ಲಿ ಶುರುವಾಯಿತು. ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅದನ್ನು ನಡೆಸುತ್ತಿತ್ತು, ಹಲವು ಫೆಡರಲ್ ಕಚೇರಿಗಳು ಹಂಚಿಕೊಂಡಿದ್ದವು. ಅರ್ಜಿ ಹಾಕುವುದು ಮಾತ್ರ ಅಲ್ಲ, ಬೇರೆಯವರಿಗೆ ಬಿಡುಗಡೆಯಾದ ದಾಖಲೆಗಳನ್ನು ಯಾರು ಬೇಕಾದರೂ ಅಲ್ಲಿ ಹುಡುಕಬಹುದಿತ್ತು. 2023ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಬಳಸುತ್ತಿದ್ದ ಕಚೇರಿಗಳೆಲ್ಲ ಬೇರೆ ವ್ಯವಸ್ಥೆ ಹುಡುಕಿಕೊಳ್ಳಬೇಕಾಯಿತು. ಸರ್ಕಾರವೇ ನಡೆಸುತ್ತಿದ್ದ ವ್ಯವಸ್ಥೆಗೆ ಹೀಗಾಯಿತು ಅಂದಮೇಲೆ ಖಾಸಗಿ ಕಂಪನಿಯ ಒಪ್ಪಂದದಲ್ಲಿ ಎಷ್ಟು ಎಚ್ಚರ ಬೇಕು, ಯೋಚಿಸಿ.

ಒಪ್ಪಂದ ಮುಗಿದಾಗ ಬರೀ ಪಿಡಿಎಫ್‌ಗಳ ರಾಶಿ ಕೈಗೆ ಬಂದರೆ ಸಾಲದು. ಮೂಲ ಕಡತ, ಮುಚ್ಚಿದ ಪ್ರತಿ, ಪ್ರತಿ ಮುಚ್ಚುವಿಕೆಯ ಕಾರಣ, ಅರ್ಜಿದಾರರ ಜೊತೆಗಿನ ಪತ್ರಗಳು, ದಿನಾಂಕಗಳು, ಲೀಗಲ್ ಹೋಲ್ಡ್ ಪಟ್ಟಿ, ಇಷ್ಟೂ ಒಂದಕ್ಕೊಂದು ಜೋಡಿಸಿಕೊಂಡೇ ಬರಬೇಕು. ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಬರಬೇಕು. ಎಷ್ಟು ದಿನದಲ್ಲಿ ಕೊಡುತ್ತಾರೆ, ಅದಕ್ಕೆ ಎಷ್ಟು ದುಡ್ಡು, ಕೊಟ್ಟ ಮೇಲೆ ತಮ್ಮ ಸರ್ವರ್‌ನಿಂದ ಯಾವಾಗ ಅಳಿಸುತ್ತಾರೆ ಅನ್ನೋದು ಅಂಕಿಯಲ್ಲಿ ಇರಬೇಕು. ಸಹಿ ಹಾಕಿದ ಮೊದಲ ವರ್ಷದಲ್ಲೇ ಒಂದು ಸಲ ಹೀಗೆ ಎಲ್ಲವನ್ನೂ ಹೊರತೆಗೆದು, ತೆರೆದು ನೋಡುವ ಷರತ್ತನ್ನೂ ಸೇರಿಸಿ.