ಎತ್ತರಕ್ಕೆ ಮೈ ಒಗ್ಗಲು ದಿನ ಕೊಡಿ

ಸಭೆಯಲ್ಲಿರುವ ಹಿರಿಯರಿಗೂ ಹಿಮಾಲಯ ಚಾರಣಕ್ಕೆ ಹೊರಟು ನಿಂತಿರುವ ಗೆಳೆಯ ಗೆಳತಿಯರಿಗೂ ನಮಸ್ಕಾರ.

ನಿಮ್ಮಲ್ಲಿ ಅನೇಕರು ನಸುಕಿನಲ್ಲೇ ಎದ್ದು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತೀರಿ. ರಜೆ ಸಿಕ್ಕಾಗ ಗದಗದ ಕಪ್ಪತಗುಡ್ಡಕ್ಕೂ ಹೋಗಿ ಬರುತ್ತೀರಿ. ಕಾಲಿಗೂ ಎದೆಗೂ ಅದು ಒಳ್ಳೆಯ ತಯಾರಿ, ಬಿಡಬೇಡಿ. ಆದರೆ ಅದರಿಂದ ಎತ್ತರಕ್ಕೆ ಮೈ ಒಗ್ಗುವುದಿಲ್ಲ. ಎತ್ತರದ ಕಾಯಿಲೆ ಕಾಡತೊಡಗುವುದು ಸುಮಾರು 2,500 ಮೀಟರ್ ದಾಟಿದ ಮೇಲೆ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ. ಒಗ್ಗಿಕೊಳ್ಳುವ ಕೆಲಸವೆಲ್ಲ ಅಲ್ಲಿಗೆ ಹೋದ ಮೇಲೆಯೇ ಆಗಬೇಕು, ಅದಕ್ಕೆ ದಿನಗಳು ಬೇಕು.

ಮೇಲೆ ಆಮ್ಲಜನಕ ಕಡಿಮೆ ಎನ್ನುತ್ತೇವೆ. ಗಾಳಿಯಲ್ಲಿ ಅದರ ಪಾಲು ಅಲ್ಲಿಯೂ ಶೇ 21ರಷ್ಟೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರ್ ಸುಮಾರಿಗೆ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬರುತ್ತದೆ, ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕವೂ ಅರ್ಧವಾಗುತ್ತದೆ. ದೇಹ ಕೂಡಲೇ ಉಸಿರಾಟದ ವೇಗ ಹೆಚ್ಚಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ರಾತ್ರಿ ಡೇರೆಯಲ್ಲಿ ಪಕ್ಕದವರ ಉಸಿರು ಕೆಲವು ಕ್ಷಣ ನಿಂತು, ಮತ್ತೆ ಒಮ್ಮೆಲೇ ಎಳೆದುಕೊಳ್ಳುವುದನ್ನು ಕೇಳಿ ಹೊಸಬರು ಗಾಬರಿಯಾಗುವುದುಂಟು. ಅಷ್ಟಕ್ಕೇ ಹೆದರಬೇಕಿಲ್ಲ. ಮೂತ್ರಪಿಂಡಗಳು ಹೆಚ್ಚಾದ ಬೈಕಾರ್ಬೋನೇಟ್ ಎಂಬ ಕ್ಷಾರವನ್ನು ಹೊರಹಾಕಿ ರಕ್ತವನ್ನು ಸರಿದೂಗಿಸಲು ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಮ್ಯಾರಥಾನ್ ಓಡುವವರ ಮೂತ್ರಪಿಂಡವೂ ಈ ಕೆಲಸವನ್ನು ಬೇಗ ಮುಗಿಸುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೇ ದಾಪುಗಾಲು ಹಾಕಿ ಮೊದಲು ಮಲಗಿಬಿಡುವುದನ್ನು ಕಂಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈ ಪಾಠವನ್ನು ನಮ್ಮ ಸೈನ್ಯ ದೊಡ್ಡ ಬೆಲೆ ತೆತ್ತು ಕಲಿತಿತು. 1962ರ ಯುದ್ಧದ ಹೊತ್ತಿಗೆ ಬಯಲಿನ ಯೋಧರನ್ನು ನೇರವಾಗಿ ಎತ್ತರದ ನೆಲೆಗಳಿಗೆ ಕಳುಹಿಸಬೇಕಾಯಿತು, ಅನೇಕರು ಕಾಯಿಲೆ ಬಿದ್ದರು. ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 1,925 ಯೋಧರಲ್ಲಿ ಕಂಡ ಈ ಕಾಯಿಲೆಯ ವಿವರವನ್ನು 1969ರಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಈಗ ಸೈನ್ಯದಲ್ಲಿ ಹಂತಹಂತವಾಗಿ ಒಗ್ಗಿಸುವ ಕ್ರಮವಿದೆ: 9,000 ಅಡಿಯ ಮೇಲೆ ಆರು ದಿನ, 12,000ದ ಮೇಲೆ ನಾಲ್ಕು, 15,000ದ ಮೇಲೆ ಮತ್ತೆ ನಾಲ್ಕು. ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಈ ಜಿಲ್ಲೆ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಅವರನ್ನು ಬಲಿ ತೆಗೆದುಕೊಂಡದ್ದು ಹಿಮಕುಸಿತ, ಎತ್ತರದ ಕಾಯಿಲೆಯಲ್ಲ. ಆದರೆ ಅಂಥ ಯೋಧರಿಗೂ ಎರಡು ವಾರ ಒಗ್ಗಿಸಿಕೊಳ್ಳುವ ಕ್ರಮವಿರುವಾಗ, ಕಚೇರಿಯಿಂದ ಒಂದು ವಾರ ರಜೆ ಪಡೆದು ವಿಮಾನವೇರಿ 3,500 ಮೀಟರ್ ಎತ್ತರದ ಲೇಹ್‌ನಲ್ಲಿಳಿದು, ಮರುದಿನವೇ 5,000 ಮೀಟರ್ ದಾಟುವ ಕಣಿವೆದಾರಿ ನೋಡಲು ಹೋಗುವುದು ಯಾವ ಲೆಕ್ಕ?

ವಿಮಾನದಲ್ಲಿ ಹೋದರೆ ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರಿ. ರಸ್ತೆಯಲ್ಲಿ ಹೋದರೆ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮನಾಲಿ ಇರುವುದು ಸುಮಾರು 2,000 ಮೀಟರಿನಲ್ಲಿ, ಅಲ್ಲಿಂದ ಹೊರಟವರು ಅದೇ ರಾತ್ರಿ 4,200 ಮೀಟರಿಗೂ ಮೇಲಿರುವ ಸರ್ಚುವಿನಲ್ಲಿ ಮಲಗಿ ತಲೆ ಹಿಡಿದುಕೊಂಡು ಬೆಳಗು ಮಾಡುತ್ತಾರೆ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಉಳಿಯಬೇಕು. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವವರು 3,440 ಮೀಟರಿನ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ ತಂಗುವುದು ಇದಕ್ಕಾಗಿಯೇ. ಮಧ್ಯದ ದಿನ ಅವರು ಮೇಲೆ ಹತ್ತಿ ಸುತ್ತಾಡಿ, ಮಲಗಲು ಕೆಳಗಿಳಿದು ಬರುತ್ತಾರೆ.

ಅಸೆಟಜೋಲಮೈಡ್ ಮಾತ್ರೆ ಮೂತ್ರಪಿಂಡವು ಬೈಕಾರ್ಬೋನೇಟನ್ನು ಹೊರಹಾಕುವ ಆ ಕೆಲಸವನ್ನೇ ಚುರುಕುಗೊಳಿಸುತ್ತದೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿಯಿದ್ದರೆ ಮೊದಲೇ ತಿಳಿಸಿ. ಬೆರಳು ಜುಮ್ಮೆನ್ನುವುದು ಅದರ ಸಾಮಾನ್ಯ ಪರಿಣಾಮ. ಕರ್ಪೂರ ಮೂಸಿದರೆ ಉಸಿರು ಹಗುರಾದಂತೆ ಅನಿಸಬಹುದು, ಆದರೆ ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರುವುದಿಲ್ಲ. ಮದ್ಯ, ನಿದ್ರೆ ಮಾತ್ರೆ ಬೇಡ.

ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ವಿಪರೀತ ಸುಸ್ತು ಇವುಗಳನ್ನು ಬಚ್ಚಿಡಬೇಡಿ. ತಂಡಕ್ಕೆ ತೊಂದರೆಯಾದೀತೆಂಬ ಸಂಕೋಚ ನಮ್ಮವರಲ್ಲಿ ಬಹಳ, ಅದು ಜೀವಕ್ಕೆ ಎರವಾಗುತ್ತದೆ. ಲಕ್ಷಣವಿರುವಾಗ ಮೇಲೇರಬೇಡಿ. ಕುಳಿತಲ್ಲೇ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ಗೆರೆಯಲ್ಲಿ ನಡೆಯಲಾರದವರ, ಮಾತು ತಡವರಿಸುವವರ ಮೆದುಳು ಬಾತಿರಬಹುದು. ಎರಡಕ್ಕೂ ಮೊದಲ ಚಿಕಿತ್ಸೆ ಕೆಳಗಿಳಿಸುವುದು. ನಡುರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕಳುಹಿಸಿ ಇಳಿಸಿ.

ಆ ಜೊತೆಗೊಬ್ಬರು ಯಾರು ಎಂಬುದನ್ನು ಊರಿನಲ್ಲೇ ತೀರ್ಮಾನಿಸಿ. ಯೋಜಕರಿಂದ ಪ್ರತಿ ರಾತ್ರಿಯ ಶಿಬಿರದ ಎತ್ತರವನ್ನು ಬರೆಯಿಸಿಕೊಳ್ಳಿ. ಆ ಪಟ್ಟಿಯಲ್ಲಿ ಹೆಚ್ಚುವರಿ ದಿನ ಇಲ್ಲದಿದ್ದರೆ ಕೇಳಿ ಸೇರಿಸಿ. ಸೇರಿಸಲು ಒಪ್ಪದಿದ್ದರೆ ಬೇರೆ ತಂಡ ಹುಡುಕಿ.