ಗಣಿಯ ಕೆಂಪು ನೀರು ಮತ್ತು ಗೋವಾದ ಜೌಗುಗಿಡಗಳು

[ದೃಶ್ಯ: ಬಿಚೋಲಿಂ, ಮಳೆಗಾಲ. ಗಣಿಗುಂಡಿಯಿಂದ ಹಳ್ಳಕ್ಕೆ ಸುರಿಯುತ್ತಿರುವ ಕೆಂಪು ನೀರು]

ನಮಸ್ಕಾರ. ಬಿಚೋಲಿಂ, ಸತ್ತರಿ ಕಡೆ ದುಡಿಯಲು ಬಂದು ನೆಲೆಸಿದ ಕನ್ನಡಿಗರಿಗೆ ಈ ಕೆಂಪು ನೀರು ಹೊಸದಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡವಿಯಾಗಿ, ಗಣಿ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು ಕಡಲಿಗೆ ಹೋಗುತ್ತದೆ.

ಇಲ್ಲಿನ ಅನೇಕ ಕಬ್ಬಿಣದ ಗಣಿಗಳು ಅಂತರ್ಜಲಕ್ಕಿಂತ ಕೆಳಗೆ ಇಳಿದಿವೆ. ಗುಂಡಿಯ ನೀರನ್ನು ಪಂಪ್ ಹಾಕಿ ಹೊರಚೆಲ್ಲದೆ ಅದಿರು ತೆಗೆಯಲಾಗದು. ಅದಿರು ಬಹುಪಾಲು ಆಕ್ಸೈಡ್ ಆದ್ದರಿಂದ, ಗಂಧಕದ ಖನಿಜಗಳಿರುವ ಗಣಿಗಳಂತೆ ಇಲ್ಲಿ ಆಮ್ಲದ ಕಾಟ ಹೆಚ್ಚಿಲ್ಲ. ಇಲ್ಲಿನ ದೊಡ್ಡ ಶತ್ರು ನುಣ್ಣನೆಯ ಹೂಳು.

[ದೃಶ್ಯ: ಇಳಿತದ ಹೊತ್ತು, ಉಪ್ಪಟ್ಟಿ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಮರದ ಬೇರುಗಳು]

ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದಿರುವ ಇವು ಉಸಿರಾಟದ ಬೇರುಗಳು. ಕೆಸರಿನೊಳಗೆ ಗಾಳಿಯಿಲ್ಲ, ಈ ಬೇರಿನ ಸೂಕ್ಷ್ಮ ರಂಧ್ರಗಳಿಂದಲೇ ಕೆಳಗಿನ ಬೇರಿಗೆ ಆಮ್ಲಜನಕ ಇಳಿಯಬೇಕು. ಹೂಳು ತೆಳುವಾಗಿ ಬಿದ್ದರೆ ಬೇರು ಬೆಳೆದು ತಲೆಯೆತ್ತೀತು. ಒಮ್ಮೆಗೇ ದಪ್ಪಗೆ ಬಿದ್ದರೆ ಮರ ನಿಂತಲ್ಲೇ ಉಸಿರುಗಟ್ಟುತ್ತದೆ. ನೀರು ರಾಡಿಯಾದಾಗ ಬೆಳಕು ಸಾಲದೆ ಮುಳುಗಿ ಬೆಳೆಯುವ ಸಸ್ಯಗಳು ಮೊದಲು ಮಾಯವಾಗುತ್ತವೆ. ಎತ್ತರದ ಜೊಂಡು ಆ ಜಾಗ ಹಿಡಿಯುತ್ತದೆ. ಹಸಿರು ಕಂಡಿತೆಂದು ಜೌಗು ಆರೋಗ್ಯವಾಗಿದೆ ಎನ್ನಲಾಗದು.

[ಚಿತ್ರ: ಜೊಂಡಿನ ಬೇರಿನ ಅಡ್ಡಸೀಳು]

ಜೊಂಡು ತಾಳಿಕೊಳ್ಳುವುದು ಹೇಗೆ? ಅದರ ಬೇರು ಆಮ್ಲಜನಕವನ್ನು ಸುತ್ತಲಿನ ಕೆಸರಿಗೆ ಸೋರಿಸುತ್ತದೆ. ಕರಗಿದ ಕಬ್ಬಿಣ ಬಹುಪಾಲು ಅಲ್ಲೇ ತುಕ್ಕಾಗಿ ಬೇರಿಗೆ ಅಂಟುತ್ತದೆ, ಒಳಗೆ ನುಗ್ಗುವುದು ಕಡಿಮೆ. ಆದರೆ ಆ ಲೇಪ ದಪ್ಪವಾದರೆ ರಂಜಕದಂಥ ಪೋಷಕಾಂಶವೂ ಹೊರಗೇ ಸಿಕ್ಕಿಬೀಳುತ್ತದೆ. ಭತ್ತದ ಕಥೆಯೂ ಇದೇ. ಉತ್ತರ ಕನ್ನಡದ ಅಘನಾಶಿನಿ ನದಿಯ ಗಜನಿಗಳಂತೆ ಗೋವಾದಲ್ಲಿ ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಬೆಳೆಯುವ ಖಾಜನ್ ಗದ್ದೆಗಳಿವೆ. ನೀರು ನಿಂತ ಗದ್ದೆಯಲ್ಲಿ ಕರಗಿದ ಕಬ್ಬಿಣ ಮಿತಿಮೀರಿದರೆ ಎಲೆಗಳಲ್ಲಿ ಕಂಚಿನ ಬಣ್ಣದ ಚುಕ್ಕೆ ಮೂಡುತ್ತದೆ, ಪೈರು ಕುಗ್ಗುತ್ತದೆ.

“ಜೌಗಿಗೆ ಬಿಡಿ, ಗಿಡಗಳೇ ನೀರು ಸೋಸುತ್ತವೆ” ಎಂಬ ವಾದವಿದೆ. ಅದಕ್ಕೆಂದೇ ಕಟ್ಟಿ, ಹೂಳೆತ್ತುತ್ತಾ ನೋಡಿಕೊಳ್ಳುವ ಜೌಗಿಗೆ ಆ ಮಾತು ಸಲ್ಲುತ್ತದೆ. ಜನ ಮೀನು ಹಿಡಿಯುವ, ಭತ್ತ ಬೆಳೆಯುವ ಜೌಗನ್ನು ಸೋಸುಗುಂಡಿ ಮಾಡುವುದನ್ನು ನಾನು ಒಪ್ಪುವುದಿಲ್ಲ.

[ದೃಶ್ಯ: ಗಣಿ ತ್ಯಾಜ್ಯದ ದಿಬ್ಬ]

ಸುಪ್ರೀಂ ಕೋರ್ಟ್ 2012ರಲ್ಲಿ ಗೋವಾದ ಗಣಿಗಾರಿಕೆಯನ್ನು ತಡೆಯಿತು. 2018ರಲ್ಲಿ 88 ಗುತ್ತಿಗೆಗಳನ್ನು ರದ್ದುಗೊಳಿಸಿತು. ಯಂತ್ರಗಳು ನಿಂತರೂ ದಿಬ್ಬಗಳು ಉಳಿದವು, ಅವುಗಳ ಮೇಲೆ ಮಳೆಯೂ ಸುರಿಯಿತು. ಈಗ ಹೊಸ ಹರಾಜಿನ ನಂತರ ಕೆಲಸ ಮತ್ತೆ ಶುರುವಾಗಿದೆ. ದಿಬ್ಬದ ಬುಡಕ್ಕೆ ತಡೆಗೋಡೆ, ಹೂಳು ತಂಗುವ ಕೊಳ, ಮಳೆಗಾಲಕ್ಕೆ ಮುನ್ನ ಆ ಕೊಳದ ಹೂಳೆತ್ತುವಿಕೆ: ನಿಮ್ಮೂರ ಗಣಿಯಲ್ಲಿ ಇವು ಆಗಿವೆಯೇ ಎಂದು ಮೇ ತಿಂಗಳಲ್ಲೇ ಪಂಚಾಯಿತಿಯಲ್ಲಿ ಕೇಳಿ.